ಗಟ್ಟಿಕಾಸಿನ ಸೂಫಿಯಾ

ಮಾನ್ವಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಸೂಫಿಯಾಳ ಹೊಲಿಗೆ ಅಂಗಡಿ. ರವಿಕೆಗೆ ಅಳತೆ ಕೊಡುತ್ತ ಹೆಂಗಸರು ಮನೆಯ ಸಂಕಟವನ್ನೂ ಆಕೆಯ ಮುಂದೆ ಹೇಳಿಕೊಳ್ಳುತ್ತಿದ್ದರು. ಒಬ್ಬಾಕೆಯ ಮಾತು ಇನ್ನೊಬ್ಬಾಕೆಯ ಕಿವಿಗೆ ಬಿದ್ದದ್ದೇ ಇಲ್ಲ.

ಪ್ರಭುರಾಜ ಆಕೆಯನ್ನು ಹುಡುಕಿಕೊಂಡು ಬಂದದ್ದೂ ಅದಕ್ಕೇ. ರಾಯಚೂರಿನಲ್ಲಿ 'ಗಟ್ಟಿಕಾಸು' ಎಂಬ ಕಂಪನಿಯ ಕಚೇರಿ ನೋಡಿಕೊಳ್ಳುತ್ತಿದ್ದವನು ಆತ. ರೂಪಾಯಿ ಕಟ್ಟಿದರೆ ಅಷ್ಟೇ ಬೆಲೆಯ ಡಿಜಿಟಲ್ ಕಾಸು ಫೋನಿಗೆ ಬರುತ್ತದೆ, ಅಂಗಡಿಯಲ್ಲಿ ಅದನ್ನೇ ಕೊಡಬಹುದು, ಹೆಣ್ಣುಮಕ್ಕಳಿಗೆ ತಮ್ಮದೇ ಪರ್ಸು ಇದ್ದ ಹಾಗೆ ಎಂದು ವಿವರಿಸಿದ.

"ಇದರಾಗ ಜಾಹೀರಾತು ಗೀಹೀರಾತು ಬರ್ತಾವೇನ್ರೀ?" ಸೂಫಿಯಾ ಕೇಳಿದಳು.

"ಇಲ್ಲ ಅಕ್ಕಾರ. ಯಾರು ಏನ್ ಕೊಂಡ್ರು ಅನ್ನೋದು ಅವರಿಗಷ್ಟೇ ಗೊತ್ತಿರ್ತದ. ನೀವೇ ಎಲ್ಲಾರಿಗೂ ಹೇಳ್ರಿ."

ಅವಳು ಹೇಳಿದಳು. ಕಂಪನಿ ಅವಳ ಮಾತನ್ನು ಅವಳ ದನಿಯಲ್ಲೇ ಹಿಡಿದಿಟ್ಟುಕೊಂಡಿತು. ಹೊಸದಾಗಿ ಸೇರಿದವರಿಗೆಲ್ಲ ಮೊದಲು ಕೇಳುತ್ತಿದ್ದುದು ಆ ದನಿಯೇ.

ಹತ್ತಿರದ ಹಳ್ಳಿ ಕುರ್ಡಿಯ ಚಂದ್ರಕಲಾ ಕೂಡ ಸೇರಿದಳು. ಅವಳಿಗೆ ಚಿಕ್ಕಂದಿನಿಂದ ಫಿಟ್ಸ್. ಮಾತ್ರೆ ನುಂಗುತ್ತಿದ್ದರೆ ಅದರ ಸುಳಿವೇ ಇರುತ್ತಿರಲಿಲ್ಲ. ಗಂಡನ ಮನೆಯವರಿಗೆ ಗೊತ್ತಿರಲಿಲ್ಲ. ಸೂಫಿಯಾಳಿಗೆ ಮಾತ್ರ ಹೇಳಿದ್ದಳು. ಗಂಡನ ಹತ್ತಿರ ಕೈಚಾಚದೆ ರಾಯಚೂರಿನ ಔಷಧದ ಅಂಗಡಿಗೆ ಗಟ್ಟಿಕಾಸಿನಲ್ಲೇ ಕೊಟ್ಟು ಮಾತ್ರೆ ತರುತ್ತಿದ್ದಳು.

"ಯಾರಿಗೂ ತಿಳಿಯಂಗಿಲ್ಲ, ಹೌದಿಲ್ಲೋ ಆಪಾ?"

"ನಾ ಹೇಳಾಕತ್ತೀನಲ್ಲ ಚಂದ್ರಾ. ಅಂಜಬ್ಯಾಡ."

ಒಂದು ಮುಂಜಾನೆ ಅವಳ ಗಂಡ ಹನುಮೇಶ ಕರೆ ಮಾಡಲು ಅವಳ ಫೋನು ಕೈಗೆತ್ತಿಕೊಂಡ. ಪರದೆಯ ಮೇಲೆ ಗಟ್ಟಿಕಾಸಿನಲ್ಲಿ ಇನ್ನೊಂದು ಔಷಧದ ಅಂಗಡಿಯ ಜಾಹೀರಾತು ಮೂಡಿತು: 'ಫಿಟ್ಸ್ ಮಾತ್ರೆ ಮುಗಿದವೇ? ಈ ಸಲ ನಮ್ಮಲ್ಲಿ ಕೊಳ್ಳಿ, ರಿಯಾಯಿತಿ ಪಡೆಯಿರಿ.' ಅವನು ತಿಳಿಯದೆ ಗಟ್ಟಿಯಾಗಿಯೇ ಓದಿದ. ಪಕ್ಕದಲ್ಲಿ ಅಕ್ಕಿ ಆರಿಸುತ್ತಿದ್ದ ಅವನ ತಾಯಿ ಅಯ್ಯಮ್ಮ ತಲೆಯೆತ್ತಿದಳು. ರೋಗ ಮುಚ್ಚಿಟ್ಟಳೆಂದು ಅಂದು ಸಂಜೆಯೇ ಚಂದ್ರಕಲಾಳನ್ನು ದೇವದುರ್ಗದ ತವರಿಗೆ ಕಳಿಸಿಬಿಟ್ಟರು.

ಸುದ್ದಿ ತಿಳಿದ ಸೂಫಿಯಾ ದೇವದುರ್ಗಕ್ಕೆ ಓಡಿದಳು. ಚಂದ್ರಕಲಾ ಒಳಗೆ ಬಾ ಎನ್ನಲಿಲ್ಲ.

"ನಾ ಯಾರಿಗೂ ಬಾಯಿ ಬಿಟ್ಟಿಲ್ಲ ಚಂದ್ರಾ, ಖುದಾ ಕಸಂ."

"ನೀ ಬಿಟ್ಟಿಲ್ಲ ಆಪಾ. ಖರೇ ಹೇಳ್ಲಾ? ಕಂಪನಿಯವರು ಹೇಳಿದ್ರ ನಾ ನಂಬ್ತಿದ್ದಿಲ್ಲ. ನೀ ಹೇಳಿದಿ ಅಂತ ನಂಬಿದೆ."

ಸೂಫಿಯಾ ಅಲ್ಲಿಂದ ನೇರ ರಾಯಚೂರಿನ ಬಸ್ಸು ಹತ್ತಿದಳು.

ಪ್ರಭುರಾಜ ಚಹಾ ತರಿಸಿದ. ಎಲ್ಲವನ್ನೂ ಕೇಳಿ ಹಣೆ ತಿಕ್ಕಿಕೊಂಡ. "ಪುಕ್ಕಟೆ ಕೊಡೋ ಆ್ಯಪು ಹೆಂಗ ನಡೀಬೇಕ್ರೀ? ಯಾರು ಏನ್ ಕೊಂಡ್ರು ಅಂತ ನೋಡಿ ಜಾಹೀರಾತು ಮಾರೂದು ಮೊದಲಿಂದನೂ ಲೆಕ್ಕದಾಗ ಇತ್ತು. ಮಂದಿ ಕೂಡ್ಲಿ ಅಂತ ಕಾಯಾಕತ್ತಿದ್ವಿ."

"ಮೊದಲಿಂದನೂ?"

ಅವನು ಚಹಾದ ಲೋಟವನ್ನು ಅವಳ ಕಡೆ ಸರಿಸಿದ.

"ತಿಂಗಳಿಗಿಷ್ಟು ಕೊಡ್ರಿ ಅಂದಿದ್ರ ಕೊಡ್ತಿದ್ವಿ. ನನ್ನ ಬಾಯಿಲೆ ಯಾಕ ಸುಳ್ಳು ಹೇಳಿಸಿದ್ರಿ?"

"ನಿಮ್ಮ ಮಾತು ಹೆಣ್ಮಕ್ಕಳು ಕೇಳ್ತಾರ, ಅದಕ್ಕ."

ಅವನು ಅದನ್ನು ನಾಚಿಕೆಯಿಂದಲೂ ಹೇಳಲಿಲ್ಲ, ಸೊಕ್ಕಿನಿಂದಲೂ ಹೇಳಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಸೂಫಿಯಾ ಇಷ್ಟು ವರ್ಷ ಬಾಯಿ ಬಿಗಿಹಿಡಿದು ಗಳಿಸಿದ ಹೆಸರನ್ನು ಇವರು ತೂಕ ಹಾಕಿ ಮಾರಿಕೊಂಡಿದ್ದರು, ಆಕೆಗೆ ನಿಜ ತಿಳಿಸದೆ.

"ನನ್ನ ದನಿ ತಗದು ಹಾಕ್ರಿ."

"ಅದು ನನ್ನ ಕೈಯಾಗಿಲ್ಲ ಅಕ್ಕಾರ. ಕಂಪನೀದು."

ಚಹಾ ಮುಟ್ಟದೆ ಎದ್ದು ಬಂದಳು.

ಮರುದಿನ ಅಂಗಡಿ ಮುಚ್ಚಿ ಮನೆಮನೆಗೆ ಹೊರಟಳು. "ನಾ ಹೇಳಿದ್ದು ಸುಳ್ಳಾತು, ಆ ಆ್ಯಪು ತಗದು ಹಾಕ್ರಿ" ಎಂದಳು. ಕೆಲವರು ತೆಗೆದರು. ಕೆಲವರು ನಕ್ಕು, "ಇರ್ಲಿ ಬಿಡ್ರಿ, ರಿಯಾಯಿತಿ ಸಿಗ್ತದಲ್ಲ" ಎಂದರು. ಕುರ್ಡಿಯಲ್ಲಿ ಅಯ್ಯಮ್ಮನ ಹೊಸ್ತಿಲ ಹೊರಗೇ ನಿಂತು, "ಯವ್ವಾ, ಅದು ಮಾತ್ರೆಗೆ ಬಗ್ಗೋ ಜಡ್ಡು. ನಿಮ್ಮ ಸೊಸಿ ಯಾರಿಗೂ ಮೋಸ ಮಾಡಿಲ್ಲ" ಎಂದಳು. ಅಯ್ಯಮ್ಮ ಮುಖ ತಿರುಗಿಸಿದಳು. ಹನುಮೇಶ ಮಾತ್ರ ಓಣಿಯ ತುದಿಯವರೆಗೂ ಬಂದು, ಹೆಂಡತಿ ಯಾವ ಡಾಕ್ಟರಿಗೆ ತೋರಿಸುತ್ತಿದ್ದಾಳೆಂದು ಕೇಳಿಕೊಂಡು ಹೋದ.

ಮಳೆಗಾಲ ಮುಗಿಯುವ ಹೊತ್ತಿಗೆ ಅವನೇ ಹೋಗಿ ಅವಳನ್ನು ಕರೆತಂದ. ಮಾನ್ವಿಯಲ್ಲಿ ಬಸ್ಸು ಬದಲಿಸುವಾಗ ಅವರನ್ನು ಕಂಡ ಸೂಫಿಯಾ ಕತ್ತರಿ ಕೈಯಲ್ಲಿರುವಂತೆಯೇ ಓಡಿ ಹೋದಳು.

"ಆರಾಮದೀ ಚಂದ್ರಾ?"

"ಆರಾಮದೀನ್ರಿ" ಎಂದಳು ಚಂದ್ರಕಲಾ. ಎಂದೂ ಇಲ್ಲದ ಆ 'ರಿ' ಹಚ್ಚಿ, ಗಂಡನ ಹಿಂದೆ ಬಸ್ಸು ಹತ್ತಿದಳು.