ತಮ್ಮನಿಗೆ ಗಂಟುಬಿದ್ದ ಗಾಡಿ

ನನ್ನ ಗಂಡನ ಮೋಟಾರ್‌ಸೈಕಲ್ಲು ಎಷ್ಟು ಸಾವಿರ ಮೈಲಿ ಓಡಿತ್ತೋ ದೇವರಿಗೇ ಗೊತ್ತು. ಮೀಟರಿನ ಮುಳ್ಳು ಎಂದೋ ನಿಂತುಹೋಗಿತ್ತು. ಎಂಬತ್ತರ ದಶಕದ ಮೊದಲ ವರ್ಷಗಳವು. ಗೊಬ್ಬರದ ಏಜೆಂಟರಾಗಿದ್ದ ಅವರು ಬೆಳಗಾವಿಯ ನಮ್ಮ ಮನೆಯಿಂದ ಹೊರಟು ಖಾನಾಪುರ ತಾಲೂಕಿನ ಹಳ್ಳಿಹಳ್ಳಿ ಸುತ್ತಿ ಅದನ್ನು ಹಿಂಡಿ ಹಿಪ್ಪೆ ಮಾಡಿದ್ದರು. ಅದು ಎಲ್ಲಿ ಕೈಕೊಡುತ್ತದೆ, ಯಾವ ಏರಿನಲ್ಲಿ ಕೆಮ್ಮುತ್ತದೆ ಎಂದು ನನ್ನಷ್ಟು ಬಲ್ಲವರಿಲ್ಲ. ಒಮ್ಮೆ ಮಚ್ಛೆಯ ಹತ್ತಿರ ಕೆಟ್ಟು ನಿಂತಾಗ ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಪೀರನವಾಡಿಯ ತನಕ ನಡೆದಿದ್ದೆ. ಅವರು ಗಾಡಿ ದೂಡುತ್ತ, ದಾರಿಯುದ್ದಕ್ಕೂ ನನ್ನನ್ನೇ ಬೈಯುತ್ತ ಬಂದರು. ಗಾಡಿ ಕೆಟ್ಟದ್ದಕ್ಕೂ ನಾನೇ ಕಾರಣ, ನೋಡಿ!

ಆ ದೀಪಾವಳಿಗೆ ಅವರಿಗೆ ಹೊಸ ಗಾಡಿಯ ಹುಕಿ ಬಂತು. ಹಳೆಯದನ್ನು ಸಾಗಹಾಕಲು ಸಿಕ್ಕವನು ನನ್ನ ತಮ್ಮ. ಅವನು ಖಾನಾಪುರದ ನಮ್ಮ ತವರಿನಿಂದ ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗೆ ಬಸ್ಸಿಗೆ ಜೋತುಬಿದ್ದು ಓಡಾಡುತ್ತಿದ್ದ. ಎರಡನೇ ಪಾಳಿ ಮುಗಿದ ಮೇಲೆ ಬಸ್ಸು ಸಿಗದೆ ಅಲ್ಲೇ ಗೋಣಿಚೀಲ ಹಾಸಿ ಮಲಗುವುದೂ ಇತ್ತು. ತನಗೊಂದು ಗಾಡಿ ಬೇಕೆಂದು ಪಾಪ, ಅವನೇ ಬಾಯಿಬಿಟ್ಟಿದ್ದ.

"ಮನೀ ಗಾಡಿ ಮನ್ಯಾಗ ಉಳೀಲಿ. ಭಾವುಬೀಜಕ್ಕ ಅಕ್ಕನ ಕೈಲೆ ಆರತಿ ಮಾಡಿಸ್ಕೊಳ್ಳಾಕ ಬರ್ತಾನಲ್ಲ, ಆವಾಗ ನೋಡ್ಲಿ. ನೀ ಮಾತ್ರ ಬಾಯಿ ಮುಚ್ಕೊಂಡಿರಬೇಕು," ಅಂದರು ನನ್ನ ಗಂಡ.

ಬಾಯಿ ತೆರೆದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಹಿಂದಿನ ವರ್ಷ, ಅವರು ಹೇಳಿದ ಕಡೆ ತಮ್ಮನಿಗೆ ಹೆಣ್ಣು ತರಲು ನಮ್ಮವ್ವ ಒಪ್ಪಲಿಲ್ಲ. ಅದೇ ನೆಪಕ್ಕೆ ನನ್ನನ್ನು ನಾಗರಪಂಚಮಿಗೆ ತವರಿಗೆ ಕಳಿಸಲಿಲ್ಲ. ಅವ್ವ ಖಾನಾಪುರದ ಬಸ್‌ಸ್ಟ್ಯಾಂಡಿನಲ್ಲಿ ಕೂತು, ಬೆಳಗಾವಿಯಿಂದ ಬಂದ ಪ್ರತಿ ಬಸ್ಸಿಗೂ ಎದ್ದು ನೋಡಿ, ಸಂಜೆ ಒಬ್ಬಳೇ ಮನೆಗೆ ಹೋದಳಂತೆ. ಇಲ್ಲಿ ನಾನು ಉಂಡಿ ಕಟ್ಟುತ್ತ ಅತ್ತೆ. ಈಗ ಗಾಡಿಯ ಹುಳುಕು ಹೇಳಿದರೆ ತವರಿನ ಬಾಗಿಲೇ ಮುಚ್ಚಿಹೋಗುತ್ತಿತ್ತು. ಹೇಳದೆ ಇರುವುದಾದರೂ ಹೇಗೆ? ಆ ಖಾನಾಪುರದ ರಸ್ತೆಯಲ್ಲಿ, ಕತ್ತಲಲ್ಲಿ, ಗಾಡಿ ನಿಂತುಬಿಟ್ಟರೆ ನನ್ನ ತಮ್ಮನ ಗತಿಯೇನು?

ಭಾವುಬೀಜದ ಬೆಳಿಗ್ಗೆ, ಅವನು ಬರುವ ಮೊದಲೇ, ಇವರು ಹಿತ್ತಲಲ್ಲಿ ಕಿಕ್ ಹೊಡೆದು ಹೊಡೆದು ಬೆವರಿಳಿಸಿ ಗಾಡಿ ಚಾಲೂ ಮಾಡಿದರು. ಎಂಜಿನ್ ಕಾಯಿಸಿಟ್ಟರೆ ಆಮೇಲೆ ಒಂದೇ ಕಿಕ್ಕಿಗೆ ಏಳುತ್ತದಲ್ಲ! ಹೊಗೆ ಅಡುಗೆಮನೆಗೆ ನುಗ್ಗಿ ನನ್ನ ಶಂಕರಪಾಳಿಗೂ ಪೆಟ್ರೋಲಿನ ವಾಸನೆ ಹತ್ತಿತು.

ಹೊಸ ಅಂಗಿ ತೊಟ್ಟು, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ತಮ್ಮ ಬಂದ. ಇವರು ಅಂಗಳಕ್ಕೆ ತಂದಿಟ್ಟಿದ್ದ ಗಾಡಿಯನ್ನು ಒಂದೇ ಕಿಕ್ಕಿಗೆ ಎಬ್ಬಿಸಿದರು. "ನೋಡಲೇ, ಬೆಣ್ಣಿ ಹಂಗ ಓಡ್ತೈತಿ. ಬೇಕಾದ್ರ ನಿಮ್ಮಕ್ಕನ್ನ ಕೇಳು!"

ಬಗ್ಗಿ ಎಂಜಿನ್ನಿನ ಹತ್ತಿರ ಏನೋ ನೋಡುತ್ತಿದ್ದ ತಮ್ಮ ತಲೆಯೆತ್ತಿದ. "ಹೌದೇನಕ್ಕಾ?"

"ಅಯ್ಯ, ಹಾಲು ಉಕ್ಕಾಕತ್ತೈತಿ!" ಎಂದು ಒಳಗೆ ಓಡಿದೆ. ಒಲೆಯ ಮೇಲೆ ಹಾಲೇ ಇರಲಿಲ್ಲ.

ಮಣೆ ಹಾಕಿ ತಮ್ಮನನ್ನು ಕೂರಿಸಿದೆ. ಇವರು ಕಾವಲಿನವರ ಹಾಗೆ ಬಾಗಿಲಿಗೆ ಒರಗಿ ನಿಂತರು. ಕುಂಕುಮ ಹಚ್ಚಲು ಬಾಗಿದಾಗ ನನ್ನ ಬೆನ್ನು ಅವರ ಕಡೆಗಿತ್ತು, ಬಾಯಿ ತಮ್ಮನ ಕಿವಿಯ ಹತ್ತಿರ. ಇದಕ್ಕಿಂತ ಒಳ್ಳೆಯ ಸಮಯ ಇನ್ನು ಸಿಗುವುದಿಲ್ಲ ಅನಿಸಿತು.

"ತಗೋಬ್ಯಾಡೋ. ಸತ್ತ ಗಾಡಿ ಐತಿ ಅದು," ಎಂದು ಪಿಸುಗುಟ್ಟಿದೆ. ಅವಸರಕ್ಕೆ ಕುಂಕುಮ ಅವನ ಮೂಗಿನ ಮೇಲೆಲ್ಲ ಉದುರಿತು.

ಅವನು ಮೂಗು ಒರೆಸಿಕೊಂಡ. ಆರತಿ ಮಾಡಿಸಿಕೊಂಡ. ತಟ್ಟೆಯಲ್ಲಿ ಕುಬಸದ ಖಣ ಇಟ್ಟ, ನನ್ನ ಕಾಲಿಗೆ ಬಿದ್ದ. ಎದ್ದು ನಿಂತು ನನ್ನ ಗಂಡನಿಗೆ, "ಗಾಡಿ ನಂಗ ಇರ್ಲಿ ಮಾಮಾ. ಇವತ್ತ ಒಯ್ತೀನಿ," ಅಂದ.

ನನ್ನ ಸಿಟ್ಟು ನೆತ್ತಿಗೇರಿತು. ಇವನೇನು ಕಿವುಡನೇ? ಜೀವ ಕೈಯಲ್ಲಿ ಹಿಡಿದು ಹೇಳಿದ ಮಾತು ಗಾಳಿಗೆ ಹೋಯಿತಲ್ಲ!

ಇವರು ಹಿಗ್ಗಿನಿಂದ ಗಾಡಿಯ ಕಾಗದ ತರಲು ಒಳಗೆ ಹೋದರು. ನಾನು ತೆಂಗಿನಕಾಯಿ ಹಿಡಿದು ಅಂಗಳಕ್ಕೆ ಬಂದೆ. ಗಾಲಿಯ ಕೆಳಗೆ ನಿಂಬೆಹಣ್ಣು ಇಡುತ್ತ ಹಲ್ಲು ಕಡಿದೆ. "ಯಾಕೋ ಮೂಳಾ, ನಾ ಅಂದದ್ದು ಕೇಳ್ಸಲಿಲ್ಲೇನ ನಿಂಗ?"

"ಕೇಳ್ಸಿತು," ಅಂದ. "ನೀ ಹೇಳೂಕಿಂತ ಮೊದ್ಲ ಎಂಜಿನ್ ಮುಟ್ಟಿ ನೋಡಿದ್ನಿ. ಕಾಯಿಸಿಟ್ಟಾರ."

"ಮತ್ತ ಯಾಕ ತಗೋತಿ?"

ಅವನು ಹ್ಯಾಂಡಲ್ ಒರೆಸುತ್ತಲೇ ಇದ್ದ. "ಬ್ಯಾಡ ಅಂತ ಹೇಳಿ ನಾ ಬಸ್ ಹತ್ತಿ ಊರಿಗಿ ಹೋಗ್ತೀನಿ. ನೀ ಎಲ್ಲಿ ಹೋಗ್ತೀ ಅಕ್ಕಾ?"

ಇವರು ಒಳಗಿನಿಂದಲೇ, "ಕಾಯಿ ಒಡದ್ಯೇನ?" ಎಂದು ಕೂಗಿದರು.

ಒಡೆದೆ.