ಝಳದ ಗಂಟು ಓದುವ ಬಾಳವ್ವ

ಖಾನಾಪುರದಲ್ಲಿ ಇನ್ನೂ ಪೂರ್ತಿ ಬೆಳಕಾಗಿಲ್ಲ. ಮಲಪ್ರಭೆಯ ದಂಡೆಯಲ್ಲಿ ಕುಕ್ಕರುಗಾಲಲ್ಲಿ ಕೂತ ಬಾಳವ್ವ ಬೇರು ತೊಳೆಯುತ್ತಿದ್ದಾಳೆ. ಬೆರಳುಗಾತ್ರದ ಈ ಬಿಳಿ ಬೇರಿಗೆ ಜನ ಇಟ್ಟ ಹೆಸರು ಹಲವು ಮಕ್ಕಳ ತಾಯಿ. ತಮಾಷೆಯೆಂದರೆ, ಅವಳು ಅದನ್ನು ಕೊಡುವುದು ಮಕ್ಕಳಾಗುವ ವಯಸ್ಸು ದಾಟಿದವರಿಗೆ. ಬೇರನ್ನು ಸೆರಗಿಗೆ ಕಟ್ಟಿಕೊಂಡು, ಅರವತ್ತು ದಾಟಿದ ಈ ಹೆಂಗಸು ಬೆಳಗಾವಿಯ ರೈಲಿಗೆ ದಾಪುಗಾಲು ಹಾಕುತ್ತಾಳೆ.

ಊರು ಪಾರಿಶ್ವಾಡ, ಕಸುಬು ಸೂಲಗಿತ್ತಿಯದು. ನಲವತ್ತಾರರಲ್ಲಿ ಅವಳಿಗೇ ಮುಟ್ಟು ನಿಂತು, ಮೈಯೆಲ್ಲ ಝಳ ಹೊಡೆದು, ನಿದ್ದೆ ಹಾರಿಹೋಯಿತು. "ಹೆರಿಗಿ ಅಂದ್ರ ಹತ್ತು ಮಂದಿ ಓಡಿ ಬರ್ತಾರ್ರೀ. ಮುಟ್ಟು ನಿಲ್ಲೂ ಹೊತ್ತಿಗೆ ಒಬ್ಬರೂ ಹಣಿಕಿ ನೋಡೂದಿಲ್ಲ" ಎನ್ನುತ್ತಾಳೆ. ಮೂರು ವರ್ಷ ಬೇರು, ತೊಗಟೆ, ಬೀಜಗಳನ್ನೆಲ್ಲ ತನ್ನ ಮೈಮೇಲೇ ಪರೀಕ್ಷಿಸಿದಳು. ಇಪ್ಪತ್ತನಾಲ್ಕರ ಬೆಳಗಾವಿಯ ಕಾಂಗ್ರೆಸ್ ಅಧಿವೇಶನದ ಮರುವರ್ಷದಿಂದ ವಾರಕ್ಕೊಮ್ಮೆ ನಗರಕ್ಕೂ ಹೋಗುತ್ತಿದ್ದಾಳೆ. ಈಗ ಅವಳ ಕೈಯಲ್ಲಿ ಮೂವತ್ತೆರಡು ಹೆಂಗಸರಿದ್ದಾರೆ, ಮೂವತ್ತೆರಡು ಬಗೆಯ ಮದ್ದಿನ ಪ್ರಮಾಣ. "ಒಬ್ಬಾಕಿಗೆ ಹಿಡಿದದ್ದು ಇನ್ನೊಬ್ಬಾಕಿಗೂ ಹಿಡೀಬೇಕಂತ ಎಲ್ಲೈತಿ?"

ಅಕ್ಷರ ಬಾರದ ಬಾಳವ್ವನ ಲೆಕ್ಕ ನೋಡಿದರೆ ಬೆರಗಾಗಬೇಕು. ಒಬ್ಬೊಬ್ಬರಿಗೂ ನೂಲು ಕೊಟ್ಟಿರುತ್ತಾಳೆ. ದಿನಕ್ಕೊಂದು ಎಳೆ, ಝಳ ಬಂದಾಗಲೆಲ್ಲ ಅದಕ್ಕೊಂದು ಗಂಟು. ಮುಟ್ಟಿನ ದಿನಗಳಿಗೆ ಕೆಂಪು ಎಳೆ, ಉಳಿದವಕ್ಕೆ ಬಿಳಿ. ಕಣ್ಣು ಮುಚ್ಚಿ ಗಂಟುಗಳ ಮೇಲೆ ಬೆರಳಾಡಿಸಿ, ಬೇರು ಹೆಚ್ಚಿಸಬೇಕೋ ತಗ್ಗಿಸಬೇಕೋ ಹೇಳಿಬಿಡುತ್ತಾಳೆ.

ಇಂಥವಳೂ ಒಮ್ಮೆ ಎಡವಿದಳು. ವಡಗಾವಿಯ ನೇಕಾರರ ಮನೆಯ ಸೊಸೆ, ಕೃಷ್ಣಾಬಾಯಿ ಎನ್ನೋಣ, ನಿಜವಾದ ಹೆಸರು ಬೇಡ. ನಲವತ್ತೆಂಟು ವಯಸ್ಸು. ಝಳ ಬಂದಾಗ ಕೈ ನಡುಗಿ, ಮಗ್ಗದ ಕಂಡಿಕೆಗೆ ಸುತ್ತುವ ನೂಲು ಕಡಿಯುತ್ತಿತ್ತು. ದೆವ್ವ ಮೆಟ್ಟಿದೆ, ತವರಿಗೆ ಅಟ್ಟಿಬಿಡೋಣ ಎಂದು ಮನೆಯಲ್ಲಿ ಮಾತು ಎದ್ದಿತ್ತು. ಕೆಂಪು ಎಳೆಗಳನ್ನು ನಂಬಿ ನಾಲ್ಕು ತಿಂಗಳು ಬಾಳವ್ವ ಸ್ರಾವ ತಗ್ಗಿಸುವ ಅಶೋಕದ ತೊಗಟೆ ಕೊಟ್ಟರೂ ಗಂಟು ಒಂದೂ ಕಡಿಮೆಯಾಗಲಿಲ್ಲ.

ಐದನೆಯ ತಿಂಗಳು ನೂಲು ಹಿಡಿದ ಬೆರಳು ತಟ್ಟನೆ ನಿಂತಿತು. ಇಪ್ಪತ್ತೈದು ಬಿಳಿ, ಮೂರು ಕೆಂಪು. ಮತ್ತೆ ಇಪ್ಪತ್ತೈದು, ಮತ್ತೆ ಮೂರು. ಕೆಂಪು ಎಳೆಗಳಲ್ಲಿ ಗಂಟೇ ಇಲ್ಲ! "ಈ ವಯಸ್ಸಿನ್ಯಾಗ ಮುಟ್ಟು ಹಿಂಗ ಹೇಳಿ ಕಳಿಸಿದಂಗ ಬರೂದಿಲ್ರೀ."

ಮೊದಲ ದಿನ ತಾನು ಕೇಳಿದ ಪ್ರಶ್ನೆಯೇ ತಪ್ಪಾಗಿತ್ತು. ಶರಣರ ದಾರಿಯ ಬಾಳವ್ವನ ಮನೆಯಲ್ಲಿ ಮುಟ್ಟಿನ ಸೂತಕವಿಲ್ಲ. ಕೃಷ್ಣಾಬಾಯಿಯ ಮನೆಯವರ ಮರ್ಯಾದೆಗೆಂದು ಅವರದೇ ಮಾತಿನಲ್ಲಿ "ಹೊರಗ ಕುಂತಿದ್ರೇನ್ರೀ?" ಎಂದಿದ್ದಳು. "ಹೌದ್ರೀ" ಎಂದಿದ್ದಳು ಕೃಷ್ಣಾಬಾಯಿ. ಸುಳ್ಳೇನಲ್ಲ, ಹೊರಗೆ ಕೂತದ್ದು ಖರೇನೇ. ಮುಟ್ಟು ನಿಂತು ಮಾತ್ರ ವರ್ಷವಾಗಿತ್ತು.

ಒಬ್ಬಳನ್ನೇ ಕೂರಿಸಿಕೊಂಡು ಕೇಳಿದಾಗ ಆಕೆ ಅತ್ತುಬಿಟ್ಟಳು. "ಆ ಮೂರು ದಿವಸ ಅಷ್ಟ ನನ್ನ ಕೈಗೆ ಕೆಲಸ ಇರೂದಿಲ್ಲ ಬಾಳವ್ವ. ನಿಂತದ ಅಂತ ಗೊತ್ತಾದ್ರ ಅದೂ ಹೋಗ್ತದ."

ಆ ಹೊತ್ತು ತನಗೇ ನಾಚಿಕೆಯಾಯಿತು ಎಂದು ಬಾಳವ್ವ ಒಪ್ಪಿಕೊಳ್ಳುತ್ತಾಳೆ. ಅಶೋಕದ ತೊಗಟೆ ನಿಲ್ಲಿಸಿ, ಹಲವು ಮಕ್ಕಳ ತಾಯಿ ಬೇರನ್ನು ಹಾಲಲ್ಲಿ ಕುದಿಸಿ ಕೊಟ್ಟಳು. ಎರಡು ತಿಂಗಳಲ್ಲಿ ದಿನದ ಒಂಬತ್ತು ಗಂಟು ಎರಡಕ್ಕಿಳಿಯಿತು, ನಿದ್ದೆ ಬಂತು, ತವರಿನ ಮಾತು ಅಡಗಿತು. ಗುಟ್ಟನ್ನು ಬಾಳವ್ವ ಯಾರಿಗೂ ಬಿಟ್ಟುಕೊಡಲಿಲ್ಲ. ಬೇರು ಕೊಟ್ಟ ದಿನವೇ ಅತ್ತೆಯ ಎದುರು ಒಂದು ಪಥ್ಯವನ್ನೂ ಹೇಳಿದ್ದಳು.

"ಈ ಬೇರು ಕುಡಿಯೂವ್ರು ತಿಂಗಳಿಗೆ ಮೂರು ದಿವಸ ಯಾವ ಕೆಲಸಕ್ಕೂ ಕೈ ಹಚ್ಚಬಾರ್ದ್ರೀ ಅಮ್ಮಾ. ಹಚ್ಚಿದ್ರ ಗುಣ ಆಗೂದಿಲ್ಲ."

ಅತ್ತೆ ಹುಬ್ಬು ಗಂಟಿಕ್ಕಿದರು. "ಎಷ್ಟು ತಿಂಗಳು ಹಿಡೀಬೇಕು ಈ ಪಥ್ಯ?"

ಬಾಳವ್ವ ಬೇರಿನ ಗಂಟು ಬಿಗಿಯುತ್ತ ಹೇಳಿದಳಂತೆ: "ನಿಮ್ಮ ಸೊಸಿ ಬದುಕಿರೂತನಕರೀ."