ಅತ್ತೆ ಕೂತಿದ್ದ ಕಲ್ಲು

"ಇದರಾಗೇನೈತಿ?" ಎಂದು ಊರ ಕಂದಾಯದ ಲೆಕ್ಕ ನೋಡುವ ತಲಾಟಿ, ಅತ್ತೆ ಕೂತಿದ್ದ ಕಲ್ಲನ್ನು ಕೋಲಿನಿಂದ ಕುಟ್ಟಿದ. ಹೊನವಾಡದ ನಮ್ಮ ಅಂಗಳದಲ್ಲಿ, ಮಾಳಿಗೆಯ ಮಳೆನೀರು ತುಂಬಿಡುವ ನೆಲದೊಳಗಿನ ತೊಟ್ಟಿಯ ಬಾಯಿಗೆ ಮುಚ್ಚಿದ ಕಲ್ಲು ಅದು. ಹಿಡಿದಿಟ್ಟ ಮಳೆಗೂ ಸರಕಾರ ಪಟ್ಟಿ, ಅಂದರೆ ಕರ, ಹಾಕುತ್ತದೆಂದು ಊರಲ್ಲಿ ಸುದ್ದಿ ಹಬ್ಬಿತ್ತು.

"ಜ್ವಾಳದ ಹಗೇವ ಐತ್ರಿ" ಎಂದುಬಿಟ್ಟರು ಅತ್ತೆ.

ನಾನು ಓಡಿ ಬಂದು ಅತ್ತೆಯ ಪಕ್ಕ ನಿಂತೆ. ಹಗೇವದ ನೆಲಗುಂಡಿಯಲ್ಲಿ ಜೋಳ ಬಚ್ಚಿಟ್ಟವರನ್ನು ಹಿಡಿದೊಯ್ಯುತ್ತಿದ್ದ ಯುದ್ಧದ ಕಾಲ ಅದು. ತಲಾಟಿ ಅತ್ತೆಯನ್ನು ಎಬ್ಬಿಸಿ ಕಲ್ಲು ಸರಿಸಿದ. ಒಳಗೆ ನೀರು; ಅದರಲ್ಲಿ ನಮ್ಮ ಮೂವರ ಮುಖ.

"ನೀರಿಗ್ಯಾಕ ಸುಳ್ಳ ಹೇಳ್ತೀರಿ, ಅವ್ವಾರ? ನೀರಿಗೆ ಇನ್ನೂ ಪಟ್ಟಿ ಬಂದಿಲ್ಲ" ಎಂದು ನಕ್ಕು ಹೋದ.

ಅತ್ತೆ ನಗಲಿಲ್ಲ. "ಇನ್ನೂ ಅಂದಾನ, ಕೇಳಿದಿಲ್ಲ?" ಎಂದರು.

ಅತ್ತೆ ಹೋಗಿ ಎಷ್ಟೋ ವರ್ಷವಾಯಿತು. ಇವತ್ತಿಗೂ ಮೋಡ ಕವಿದರೆ ಮೊದಲು ತಲಬಾಗಿಲಿಗೆ ಅಗಳಿ ಹಾಕಿ, ಆಮೇಲೆ ಆ ಕಲ್ಲು ಸರಿಸುತ್ತೇನೆ.